ಕಲ್ಮೇಶನ ಬೇಟೆಯಂಗಿ

ಅಮೆರಿಕದ ಆಶ್‌ಬರ್ನಿನ ಕಲ್ಮೇಶ ತನ್ನ ನಲವತ್ತೊಂಬತ್ತು ವರ್ಷಗಳ ಆಯುಷ್ಯದಲ್ಲಿ ಕೊಂದ ಜೀವಿಗಳ ಪಟ್ಟಿ ಬಹಳ ಚಿಕ್ಕದು. ಸೊಳ್ಳೆಗಳನ್ನು ಬಿಟ್ಟರೆ ಒಂದೇ ಒಂದು ಜಿರಲೆ. ಅದರ ವಿಷಯದಲ್ಲೂ ಅನುಮಾನವಿದೆ, ಏಕೆಂದರೆ ಹೆಣ ಎತ್ತಲು ಅವನು ಕಾಗದ ತರುವಷ್ಟರಲ್ಲಿ ಹೆಣ ಎದ್ದುಹೋಗಿತ್ತು. ಬಚ್ಚಲಲ್ಲಿ ಜೇಡ ಕಂಡರೆ ಲೋಟದಲ್ಲಿ ಹಿಡಿದು, ಹೊರಗೆ ಹುಲ್ಲಿನ ಮೇಲೆ ಬಿಟ್ಟು, ಅದು ನಾಲ್ಕು ಹೆಜ್ಜೆ ನಡೆಯುವವರೆಗೆ ನಿಂತು ನೋಡಿ ಒಳಗೆ ಬರುವ ಮನುಷ್ಯ. ಇಂಥವನು ಏಳು ಹುಲಿಗಳನ್ನು ಹೊಡೆದ ಮನೆತನದ ಕುಡಿಯಾದದ್ದು ಒಂದು ಮಂಗಳವಾರ ಮಧ್ಯಾಹ್ನ, ಆಫೀಸಿನ ಊಟದ ಮೇಜಿನಲ್ಲಿ.

ಕಲ್ಮೇಶ ಒಂದು ಡೇಟಾ ಸೆಂಟರಿನಲ್ಲಿ ತಂಪುಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು. ಅಲ್ಲಿನ ದೊಡ್ಡ ಸಾಹೇಬ ವೇಯ್ನ್, ವರ್ಜೀನಿಯಾದ ಬೆಟ್ಟಸೀಮೆಯವನು, ಎದೆಯವರೆಗೆ ಇಳಿದ ಬಿಳಿಗಡ್ಡದವನು. ಕಿಟಕಿಯ ಪಕ್ಕದ ಮೇಜು ಅವನದು. ಆ ಮೇಜಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಜಿಂಕೆ ಬೇಟೆಯ ಮಾತು ಬಿಟ್ಟು ಬೇರೆ ಮಾತಿಲ್ಲ. ಆರು ವರ್ಷ ಕಲ್ಮೇಶ ತನ್ನ ರೊಟ್ಟಿ ಡಬ್ಬಿಯನ್ನು ಹಿಡಿದು ಆ ಮೇಜನ್ನು ದಾಟಿಕೊಂಡೇ ಹೋಗಿದ್ದ. ಆ ದಿನ ಅಲ್ಲೊಂದು ಕುರ್ಚಿ ಖಾಲಿಯಿತ್ತು. ವೇಯ್ನ್ ಕೈಸನ್ನೆ ಮಾಡಿ ಕರೆದ.

"ನಿಮ್ಮ ಕಡೆ ಬೇಟೆ ಉಂಟೋ?" ಎಂದು ಕೇಳಿದ.

"ಉಂಟು, ಬೇರೆಯವರು ಆಡುತ್ತಾರೆ" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆರು ವರ್ಷ ಕಾದು ಸಿಕ್ಕ ಕುರ್ಚಿ ಮನುಷ್ಯನ ಬಾಯಿಂದ ಏನನ್ನು ಬೇಕಾದರೂ ಹೊರಡಿಸುತ್ತದೆ.

"ನಮ್ಮ ಅಜ್ಜ ಸಂಸ್ಥಾನದ ರಾಜರ ಜೊತೆ ಹುಲಿ ಬೇಟೆಗೆ ಹೋಗುತ್ತಿದ್ದರು" ಎಂದುಬಿಟ್ಟ.

ಮೇಜಿನವರೆಲ್ಲ ಇವನ ಕಡೆ ತಿರುಗಿದರು. "ಎಷ್ಟು ಹೊಡೆದರು?" ಎಂದ ವೇಯ್ನ್.

ಕಲ್ಮೇಶ ತಟ್ಟೆ ನೋಡಿದ. ಅದರಲ್ಲಿ ಏಳು ಗಜ್ಜರಿ ಚೂರುಗಳಿದ್ದವು. "ಏಳು" ಎಂದ.

ಅಜ್ಜ ಗದಗದ ಹತ್ತಿರ ನರೇಗಲ್ಲಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು ಎಂಬುದನ್ನು ಓದುಗರಿಗೆ ಮಾತ್ರ ತಿಳಿಸುತ್ತೇವೆ.

ವೇಯ್ನ್ ಎದ್ದು ಬಂದು ಭುಜ ತಟ್ಟಿದ. ನವೆಂಬರಿನ ಎರಡನೇ ಶುಕ್ರವಾರ ತನ್ನ ಬೆಟ್ಟದ ಗುಡಿಸಲಿಗೆ ಬರಬೇಕು, ಶನಿವಾರ ಬೆಳಗ್ಗೆ ಬೇಟೆಯ ಋತು ತೆರೆಯುತ್ತದೆ, ಕೋವಿ ತಾನೇ ಕೊಡುತ್ತೇನೆ ಎಂದ. ಬಟ್ಟೆಯ ಮಾತೂ ಬಂತು. ಗಿಡಮರದಲ್ಲಿ ಬೆರೆತುಹೋಗುವ ಮರೆಬಟ್ಟೆಯನ್ನು ಅಂಗಡಿಯಲ್ಲಿ ಕೊಂಡು ಹಾಕಿಕೊಳ್ಳುವವರು ಅವನ ಪ್ರಕಾರ ಬೇಟೆಗಾರರೇ ಅಲ್ಲ; ಅವನಪ್ಪ ತಾನೇ ಹೊಲಿದುಕೊಳ್ಳುತ್ತಿದ್ದ. "ನಮ್ಮಲ್ಲೂ ಹಾಗೇ. ಮನೆಯಲ್ಲೇ ಮಾಡಿಕೊಳ್ಳುತ್ತೇವೆ" ಎಂದ ಕಲ್ಮೇಶ. ಇಳಿಜಾರಿನಲ್ಲಿ ಗಾಡಿ ಬಿಟ್ಟ ಮೇಲೆ ಎರಡನೇ ಸುಳ್ಳಿಗೆ ಎತ್ತು ಬೇಕಾಗುವುದಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವನಿಗೆ ಹೆಂಡತಿಯ ನೆನಪಾಯಿತು.

ಶ್ರೀದೇವಿ ರೆಸ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಪೂಜೆ ಬಿಟ್ಟವಳಲ್ಲ, ಮಠದ ಪ್ರಸಾದ ತಪ್ಪಿಸಿದವಳಲ್ಲ. ಮಗಳ ಹುಟ್ಟುಹಬ್ಬಕ್ಕೆ ಯಾರೋ ಮೊಟ್ಟೆ ಹಾಕಿದ ಕೇಕ್ ತಂದಾಗ ಅದಕ್ಕೂ ತಂದವರಿಗೂ ಹೊರಗಿನ ವರಾಂಡದಲ್ಲೇ ಸತ್ಕಾರವಾಗಿತ್ತು. ಇವಳ ಮುಂದೆ ಜಿಂಕೆಯ ವಿಷಯ ತೆಗೆಯಲು ಸೂಕ್ತ ಸಮಯ ಬೇಕು ಎಂದು ಕಲ್ಮೇಶ ತೀರ್ಮಾನಿಸಿದ. ಸೆಪ್ಟೆಂಬರಿನಲ್ಲಿ ಅಂಥ ಸಮಯ ಬರಲಿಲ್ಲ. ಅಕ್ಟೋಬರಿನಲ್ಲಿ ಬರಲಿಲ್ಲ.

ಅಷ್ಟರಲ್ಲಿ ತಯಾರಿ ನಿಲ್ಲುವ ಹಾಗಿರಲಿಲ್ಲ. ಕಂಪ್ಯೂಟರಿನಲ್ಲೇ ಬೇಟೆಯ ಪಾಠ ಓದಿ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತರಿಸಿದ. ಇನ್ನು ಬಟ್ಟೆ. ಶ್ರೀದೇವಿಗೆ ಶನಿವಾರ ಡ್ಯೂಟಿ. ಆದ್ದರಿಂದ ಶನಿವಾರಗಳಂದು ಗರಾಜು ಪ್ರಯೋಗಶಾಲೆಯಾಯಿತು. ಮದುವೆಯಲ್ಲಿ ಬೀಗರು ಕೊಟ್ಟ ಎರಡು ಬಿಳಿ ಧೋತರಗಳು ಇಪ್ಪತ್ತೆರಡು ವರ್ಷದಿಂದ ಟ್ರಂಕಿನಲ್ಲಿ ಸುಮ್ಮನೆ ಮಲಗಿದ್ದವು. ಅವನ್ನು ಎಬ್ಬಿಸಿದ. ವಿನೆಗರಿನಲ್ಲಿ ತುಕ್ಕು ಮೊಳೆಗಳನ್ನು ವಾರಪೂರ್ತಿ ನೆನೆಹಾಕಿ ಕಬ್ಬಿಣದ ನೀರು ಮಾಡಿದ. ದೊಡ್ಡ ಕುಕ್ಕರಿನಲ್ಲಿ ಅರಿಶಿಣ ಕುದಿಸಿ, ಅದಕ್ಕೆ ಕಬ್ಬಿಣದ ನೀರು ಬೆರೆಸಿ, ಬಟ್ಟೆಯ ಚೂರುಗಳನ್ನು ಐದೈದು ನಿಮಿಷಕ್ಕೊಮ್ಮೆ ಎತ್ತಿ, ಪ್ರತಿ ಚೂರಿಗೂ ನಂಬರು ಕೊಟ್ಟು ನೋಟುಪುಸ್ತಕದಲ್ಲಿ ಅಂಟಿಸಿದ. ಹದಿನಾಲ್ಕನೇ ಚೂರಿಗೆ ಪಾಚಿಹಸಿರು ಬಂತು. ಆಲೂಗಡ್ಡೆಯಲ್ಲಿ ಓಕ್ ಎಲೆಯ ಅಚ್ಚು ಕೆತ್ತಿ, ಕಡು ಚಹಾದ ಕಷಾಯದಲ್ಲಿ ಅದ್ದಿ ಒತ್ತಿದ. ಕಬ್ಬಿಣಕ್ಕೆ ಚಹಾ ತಾಗಿದಲ್ಲೆಲ್ಲ ಕಪ್ಪು ಎಲೆ ಮೂಡಿತು. ರಸಾಯನಶಾಸ್ತ್ರ ಓದಿದ್ದು ಮೊದಲ ಸಲ ಕೈಗೆ ಹತ್ತಿತೆಂದು ಕಲ್ಮೇಶನಿಗೆ ಕಣ್ಣು ತುಂಬಿಬಂತು; ಅದರಲ್ಲಿ ವಿನೆಗರಿನ ಪಾಲೂ ಇತ್ತು.

ಹೊಲಿಗೆಯ ಶಾಸ್ತ್ರ ಮಾತ್ರ ಅವನು ಓದಿರಲಿಲ್ಲ. ಪ್ಯಾಂಟಿಗೆ ಪ್ರಯತ್ನಿಸಿದಾಗ ಎರಡೂ ಕಾಲು ಒಂದೇ ಕಡೆ ಹೊರಟವು. ಕೊನೆಗೆ ಪ್ಯಾಂಟಿನ ಯೋಚನೆ ಬಿಟ್ಟು, ಕೊರಳಿಗೊಂದು ತೂತು, ಕೈಗೆರಡು ಅಗಲವಾದ ತೋಳು, ತಲೆಗೆ ಮುಸುಕು, ಪಾದದವರೆಗೆ ಬಟ್ಟೆ ಎಂದು ಸರಳಗೊಳಿಸಿದ. ಹಾಕಿಕೊಂಡು ನೋಡಿದರೆ ಒಂದು ನಿಲುವಂಗಿ.

ಮನೆಯ ಹಿಂದಿನ ಮರಗಳ ಸಾಲಿನಲ್ಲಿ ಪರೀಕ್ಷೆಯೂ ನಡೆಯಿತು. ಪಕ್ಕದ ಮನೆಯ ವರಲಕ್ಷ್ಮಿ, ಮೈಸೂರಿನವರು, ಕನ್ನಡ ಬಳಗದ ಅಧ್ಯಕ್ಷ ತ್ಯಾಗರಾಜರ ಹೆಂಡತಿ, ಫೋನಿನಲ್ಲಿ ಮಾತಾಡುತ್ತ ಅವನಿಂದ ಆರಡಿ ದೂರದಲ್ಲಿ ಹನ್ನೆರಡು ನಿಮಿಷ ನಿಂತರು. ಯಾರ ಮನೆಯಲ್ಲಿ ಯಾರಿಗೆ ಮಾತಿಲ್ಲ, ಯಾರ ಮಗ ಯಾರನ್ನು ಕರೆತಂದ ಎಂಬುದೆಲ್ಲ ಓಕ್ ಮರಕ್ಕೆ ಒರಗಿದ ಕಲ್ಮೇಶನಿಗೆ ತಿಳಿಯಿತು. ಕಲ್ಮೇಶ ಅಲ್ಲಿರುವುದು ವರಲಕ್ಷ್ಮಿಯವರಿಗೆ ತಿಳಿಯಲಿಲ್ಲ. ಆಶ್‌ಬರ್ನಿನಲ್ಲಿ ಅವರ ಕಣ್ಣು ತಪ್ಪಿಸಿದವನು ಜಿಂಕೆಯ ಕಣ್ಣು ತಪ್ಪಿಸುವುದು ದೊಡ್ಡದಲ್ಲ ಎಂದು ಅವನು ನೋಟುಪುಸ್ತಕದಲ್ಲಿ ಬರೆದುಕೊಂಡ.

ಕಣ್ಣಾಯಿತು, ಇನ್ನು ಮೂಗು. ಜಿಂಕೆಗೆ ಮನುಷ್ಯನ ವಾಸನೆ ಅರ್ಧ ಮೈಲಿಯಿಂದ ಬಡಿಯುತ್ತದೆಂದು ಪಾಠದಲ್ಲಿತ್ತು. ಕಲ್ಮೇಶ ಅಕ್ಟೋಬರ್ ಹತ್ತರಿಂದ ಉಳ್ಳಾಗಡ್ಡಿ ಬಿಟ್ಟ, ಬೆಳ್ಳುಳ್ಳಿ ಬಿಟ್ಟ, ಇಂಗಿನ ಒಗ್ಗರಣೆ ಬಿಟ್ಟ, ಚಹಾ ಬಿಟ್ಟ, ಸೋಪು ಬಿಟ್ಟು ಬರೀ ನೀರಿನಲ್ಲಿ ಮಿಂದ. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಹಿಂದಿನ ಮರದ ಬುಡದಲ್ಲಿ ಕುಳಿತು, ಮುಕ್ಕಾಲು ಗಂಟೆ ರೆಪ್ಪೆ ಬಿಟ್ಟು ಬೇರೇನೂ ಅಲುಗಿಸದೆ ಅಭ್ಯಾಸ ಮಾಡಿದ. ಬೇಟೆಗೆ ಅದು ಅಗತ್ಯ.

"ಏನ್ರೀ ಇದು, ಎಣ್ಣೆಗಾಯಿ ಒಳಗಿನ ಉಳ್ಳಾಗಡ್ಡಿ ಆರಿಸಿ ಇಡಾಕತ್ತೀರಿ?" ಎಂದಳು ಶ್ರೀದೇವಿ.

"ಬ್ಯಾಡ ಅನ್ನಿಸ್ತು."

"ಚಹಾನೂ ಬ್ಯಾಡ. ಉಳ್ಳಾಗಡ್ಡಿನೂ ಬ್ಯಾಡ. ಮುಂಜಾನೆ ಎದ್ದು ಗಿಡದ ಬುಡಕ ಕುಂದರತೀರಿ. ಏನಾಗೇತಿ ನಿಮಗ?"

ಇದೇ ಸೂಕ್ತ ಸಮಯವಾಗಿತ್ತು. ಕಲ್ಮೇಶ ಬಾಯಿ ತೆರೆದ. ಅವಳು ಆಗಷ್ಟೇ ಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿಕೊಂಡಿದ್ದಳು. ತೆರೆದ ಬಾಯಿಂದ "ಮನಸ್ಸಿಗೊಂದು ಸಮಾಧಾನ" ಎಂಬ ಮಾತು ಹೊರಗೆ ಬಂತು.

ಅದಾದ ನಾಲ್ಕನೆಯ ದಿನ ಅನಾಹುತ ಸಂಭವಿಸಿತು. ಹೊಸ ಅಂಗಿಗೆ ವಿನೆಗರಿನ ನಾತ ಇನ್ನೂ ಹೋಗಿರಲಿಲ್ಲ. ಅಂಗಡಿಯ ಸೋಪುಪುಡಿಯಲ್ಲಿರುವ ಹೊಳಪಿನ ವಸ್ತು ಜಿಂಕೆಯ ಕಣ್ಣಿಗೆ ಮಿನುಗುತ್ತದೆಂದು ಓದಿದ್ದರಿಂದ, ಕಲ್ಮೇಶ ಅದನ್ನು ಬಿಟ್ಟು ಬಿಸಿನೀರಿಗೆ ನಾಲ್ಕು ಹಿಡಿ ವಾಷಿಂಗ್ ಸೋಡಾ ಸುರಿದು ಅಂಗಿಯನ್ನು ಮುಳುಗಿಸಿದ. ಅರಿಶಿಣಕ್ಕೆ ಸೋಡಾ ತಾಗಿದರೆ ಏನಾಗುತ್ತದೆಂದು ಹೈಸ್ಕೂಲಿನಲ್ಲಿ ಅವನೇ ಪರೀಕ್ಷೆಯಲ್ಲಿ ಬರೆದು ಎರಡು ಅಂಕ ಪಡೆದಿದ್ದ. ಈಗ ಉತ್ತರ ಬಕೆಟ್ಟಿನಲ್ಲಿತ್ತು. ಹಸಿರು ಹೋಯಿತು, ಕಪ್ಪು ಎಲೆಗಳು ಕರಗಿದವು, ಎತ್ತಿದರೆ ಅಂಗಿ ಪೂರ್ತಿ ಕಾವಿ.

ಕಲ್ಮೇಶ ಮೊದಲು ಗಾಬರಿಯಾದ. ಆಮೇಲೆ ವಿಜ್ಞಾನ ಅವನನ್ನು ಕೈಹಿಡಿಯಿತು. ಜಿಂಕೆಗೆ ಕೆಂಪು ಬಣ್ಣ ಬೇರೆಯಾಗಿ ಕಾಣುವುದಿಲ್ಲ. ಅದರ ಕಣ್ಣಿಗೆ ಕಾವಿಯೂ ಪಾಚಿಯೂ ಹತ್ತಿರ ಹತ್ತಿರ ಒಂದೇ. ಹಾಗಾದರೆ ಕೆಟ್ಟದ್ದೇನೂ ಇಲ್ಲ ಎಂದು ಅಂಗಿಯನ್ನು ಮನೆಯ ಹಿಂದಿನ ಮರದ ಜಗಲಿಯಾದ ಡೆಕ್ಕಿನ ಕಟಾಂಜನದ ಮೇಲೆ ಒಣಹಾಕಿ ಆಫೀಸಿಗೆ ಹೋದ.

ಆದರೆ ಪಕ್ಕದ ಡೆಕ್ಕಿನಲ್ಲಿದ್ದ ಕಣ್ಣುಗಳು ಜಿಂಕೆಯವಾಗಿರಲಿಲ್ಲ.

"ಶ್ರೀದೇವಿ," ಎಂದರು ವರಲಕ್ಷ್ಮಿ ಸಂಜೆ ಬೇಲಿಯ ಮೇಲಿಂದ, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರ ಜೊತೆ ಮಾತಾಡುವ ದನಿಯಲ್ಲಿ, "ಆ ಬಟ್ಟೆ ಯಾರದ್ದಮ್ಮಾ?"

ಶ್ರೀದೇವಿ ತಿರುಗಿ ನೋಡಿದಳು. ಗಾಳಿಗೆ ಕಾವಿಯ ನಿಲುವಂಗಿ ತೋಳು ಬೀಸಿತು.

"ಬೆಳಗ್ಗೆ ಧ್ಯಾನಕ್ಕೆ ಕೂತ್ಕೋತಾರಲ್ವಾ? ನಾನು ಕಿಚನ್ ವಿಂಡೋಯಿಂದ ನೋಡ್ತೀನಿ, ಒಂದು ಚೂರೂ ಅಲ್ಲಾಡಲ್ಲ. ಸೊಳ್ಳೆ ಕೂತರೂ ಹೊಡೀಲಿಲ್ಲ ಮೊನ್ನೆ."

"ಉಳ್ಳಾಗಡ್ಡಿ ಬಿಟ್ಟಾರ" ಎಂದಳು ಶ್ರೀದೇವಿ ಮೆಲ್ಲಗೆ. "ಚಹಾನೂ ಬಿಟ್ಟಾರ."

"ಕಾಫಿ ಟೀ ಬಿಟ್ಟರೆ ಬೇರೆ ಇನ್ನೇನಮ್ಮಾ ಉಳೀತು ಬಿಡೋಕೆ?" ಎಂದರು ವರಲಕ್ಷ್ಮಿ. ಆಮೇಲೆ ಇನ್ನೂ ಏನುಳಿದಿದೆ ಎಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು.

ವರಲಕ್ಷ್ಮಿ ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲಿ, "ನಮ್ಮ ನಡುವಿನ ಒಬ್ಬ ಹಿರಿಯರು ಸನ್ಯಾಸದ ಹಾದಿಯಲ್ಲಿದ್ದಾರೆ, ಹೆಸರು ಬೇಡ, ನಮ್ಮ ಪಕ್ಕದ ಮನೆ" ಎಂದಷ್ಟೇ ಬರೆದರು. ಆ ಗುಂಪಿನಲ್ಲಿ ಹರ್ನ್‌ಡನ್ನಿನಿಂದ ಕ್ಲಾರ್ಕ್ಸ್‌ಬರ್ಗಿನವರೆಗೆ ನಾನೂರ ಹನ್ನೆರಡು ಜನರಿದ್ದರು.

ಕಲ್ಮೇಶನ ದಡ್ಡತನ ಎಂಥದ್ದೆಂದರೆ, ಮಾರನೆಯ ದಿನದಿಂದ ಜನ ತನ್ನನ್ನು ಬೇರೆ ತರಹ ನೋಡುತ್ತಿರುವುದು ಅವನಿಗೆ ಗೊತ್ತಾಯಿತು, ಕಾರಣವೂ ಗೊತ್ತಾಯಿತು ಎಂದು ಅವನು ತಿಳಿದುಕೊಂಡ. ವರಲಕ್ಷ್ಮಿ ಅಂಗಿಯನ್ನು ನೋಡಿದ್ದಾರೆ, ಬೇಟೆಯ ವಿಷಯ ಊರಿಗೆಲ್ಲ ಗೊತ್ತಾಗಿದೆ. ಆದರೂ ಯಾರೂ ಮುಖ ಸಿಂಡರಿಸುತ್ತಿಲ್ಲ. ಅಮೆರಿಕದಲ್ಲಿ ಇಷ್ಟು ವರ್ಷ ಇದ್ದು ಜನರ ಮನಸ್ಸು ಎಷ್ಟು ವಿಶಾಲವಾಗಿದೆ ಎಂದು ಹೆಮ್ಮೆಪಟ್ಟ.

ತ್ಯಾಗರಾಜರು ಬಾಗಿಲಿಗೇ ಬಂದರು. ಸಾಮಾನ್ಯವಾಗಿ "ಏನ್ರೀ ಕಲ್ಮೇಶ್" ಎನ್ನುವವರು ಇಂದು ಕೈಮುಗಿದರು.

"ರಾಜ್ಯೋತ್ಸವದ ಪ್ರೋಗ್ರಾಮಿನಲ್ಲಿ ತಾವು ಒಂದು ಇಪ್ಪತ್ತು ನಿಮಿಷ ನಿಮ್ಮ ಅನುಭವ ಹೇಳ್ಬೇಕು ಸರ್."

"ಅನುಭವ ಏನೈತ್ರಿ, ಇನ್ನೂ ಒಂದೂ ಆಗಿಲ್ಲ."

"ಆಗಿದೆ ಅನ್ನೋರಿಗೆ ಆಗಿರಲ್ಲ ಸರ್" ಎಂದರು ತ್ಯಾಗರಾಜರು ಕಣ್ಣು ಮುಚ್ಚಿ. "ಮುಖ್ಯವಾಗಿ ಏನು ಬೇಕು ಅಂತೀರಿ, ಈ ಹಾದಿಗೆ?"

"ಗಾಳಿ ಯಾವ ಕಡೆಯಿಂದ ಬೀಸ್ತೈತಿ ನೋಡ್ಕೋಬೇಕು. ಅದರ ಎದುರಿಗೆ ಕುಂದ್ರಬೇಕು."

ತ್ಯಾಗರಾಜರು ಅದನ್ನು ಫೋನಿನಲ್ಲಿ ಬರೆದುಕೊಂಡರು. ಸಂಜೆಗೆ ಅದು ಸೂರ್ಯೋದಯದ ಚಿತ್ರದ ಮೇಲೆ ಮುದ್ರಿತವಾಗಿ ಗುಂಪಿನಲ್ಲಿ ಹರಿದಾಡಿತು.

ಭಾರತೀಯ ದಿನಸಿ ಅಂಗಡಿಯಲ್ಲಿ ಪವನ ಎಂಬ ಹುಡುಗ, ಹರ್ನ್‌ಡನ್ನಿನಲ್ಲಿ ಸಾಫ್ಟ್‌ವೇರ್ ಗುತ್ತಿಗೆ ಕೆಲಸದವನು, ಮೆಂತ್ಯದ ಕಟ್ಟು ಆರಿಸುತ್ತಿದ್ದ ಕಲ್ಮೇಶನ ಪಾದಕ್ಕೆ ಕೈ ಹಾಕಿದ.

"ಹನ್ನೊಂದು ವರ್ಷದಿಂದ ಗ್ರೀನ್ ಕಾರ್ಡಿಗೆ ವೇಯ್ಟ್ ಮಾಡ್ತಿದೀನಿ ಸರ್. ಏನ್ ಮಾಡ್ಲಿ?"

ಕಲ್ಮೇಶನಿಗೆ ಆಗ ತಿಳಿದಿದ್ದದ್ದು ಒಂದೇ ವಿದ್ಯೆ. "ಅಲುಗಾಡಬ್ಯಾಡ. ಹಿಂದ ಓಡಿದ್ರ ಸಿಗೂದಿಲ್ಲ. ಸುಮ್ಮನ ಕುಂತಿ ಅಂದ್ರ ತಾನ ಎದುರಿಗೆ ಬರ್ತೈತಿ" ಎಂದ. ಮುಂದಿನ ವಾರ ಸರದಿ ತಿಳಿಸುವ ಸರಕಾರಿ ವೀಸಾ ಬುಲೆಟಿನ್ ಬಂತು. ಪವನನ ಸರದಿ ಎರಡು ತಿಂಗಳು ಹತ್ತಿರ ಬಂದಿತ್ತು. ಅಂದಿನಿಂದ ಕಲ್ಮೇಶ ಮೆಂತ್ಯ ತರಲು ಹೋದರೆ ಮನೆಗೆ ಬರಲು ಒಂದೂವರೆ ಗಂಟೆ ಹಿಡಿಯುತ್ತಿತ್ತು.

ಅಟ್ಲಾಂಟಾದಲ್ಲಿ ಓದುತ್ತಿದ್ದ ಮಗಳು ರಚನಾ ಫೋನ್ ಮಾಡಿದಳು.

"ಅಪ್ಪಾ, ವರಲಕ್ಷ್ಮಿ ಆಂಟಿ ಹೇಳಿದ್ರು. ಇಸ್ ಇಟ್ ಟ್ರೂ?"

"ಖರೇ ಅವ್ವಿ."

"ಅಮ್ಮ ಓಕೆನಾ?"

"ಅಮ್ಮ ಗಟ್ಟಿ ಅದಾಳ. ನಾ ಇನ್ನೂ ಬಾಯಿಬಿಟ್ಟು ಹೇಳಿಲ್ಲ, ಆದ್ರ ತಿಳಕೊಂಡಾಳ."

"ಓ ಮೈ ಗಾಡ್. ಅಪ್ಪಾ, ಲಿಸನ್. ಡೋಂಟ್ ಸೈನ್ ಎನಿಥಿಂಗ್."

"ಸೈನ್ ಮಾಡಿ ಆತು. ಲೈಸೆನ್ಸ್‌ನೂ ಬಂತು."

"ಅದಕ್ಕೂ ಲೈಸೆನ್ಸ್ ಇದ್ಯಾ?" ಎಂದಳು ರಚನಾ.

"ವರ್ಜೀನಿಯಾದಾಗ ಬೇಕ ಬೇಕು."

ಇಷ್ಟೆಲ್ಲ ನಡೆಯುತ್ತಿದ್ದಾಗ ಶ್ರೀದೇವಿ ಅಳಲಿಲ್ಲ, ಜಗಳ ಮಾಡಲಿಲ್ಲ. ಅವಳ ತವರಿನಲ್ಲಿ ದೊಡ್ಡಪ್ಪನೊಬ್ಬ ಹೀಗೇ ಒಂದು ಮುಂಜಾನೆ ಎದ್ದು ಮಠ ಸೇರಿದ್ದ; ತಡೆಯಬಾರದು, ತಡೆದರೆ ಪಾಪ ಎಂದು ಕೇಳುತ್ತಲೇ ಬೆಳೆದವಳು. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತಾಗ ಮಾತ್ರ ಒಂದೇ ಗಾಜಿನ ಪಟ್ಟಿಯನ್ನು ಮೂರು ಮೂರು ಸಲ ನೋಡಿದಳು. ಇಪ್ಪತ್ತೆರಡು ವರ್ಷ ಒಟ್ಟಿಗೆ ಇದ್ದು, ಗಂಡ ಒಳಗೊಳಗೇ ಇಷ್ಟು ದೂರ ನಡೆದುಹೋದದ್ದು ತನಗೆ ತಿಳಿಯಲಿಲ್ಲವಲ್ಲ ಎಂಬುದೇ ಅವಳನ್ನು ಕೊರೆಯಿತು. ಒಂದು ಭಾನುವಾರ ನೋಟುಪುಸ್ತಕ ಹಿಡಿದು ಎದುರಿಗೆ ಕುಳಿತಳು.

"ಹೊಂಟಿದ್ದು ಖರೇ ಏನ್ರಿ?"

ಕಲ್ಮೇಶ ತಲೆ ತಗ್ಗಿಸಿದ. "ಖರೇ."

"ಯಾವಾಗ?"

"ಬರೂ ಶುಕ್ರವಾರ. ವೇಯ್ನ್ ಬಂದು ಕರಕೊಂಡು ಹೋಗ್ತಾನ."

"ನಾ ಬ್ಯಾಡ ಅಂದ್ರ?"

"ಮಾತು ಕೊಟ್ಟೀನಿ ಶ್ರೀದೇವಿ. ಈಗ ಹಿಂದ ಸರಿದ್ರ ಅವರ ಮುಂದ ಮುಖ ಎತ್ತಿ ತಿರುಗೂದಾಗೂದಿಲ್ಲ."

ಅವಳು ಕಿಟಕಿಯ ಕಡೆ ನೋಡಿ, "ಹಂಗಾರ ವೈಫೈ ಪಾಸ್‌ವರ್ಡ್ ಹೇಳ್ರಿ. ಕರೆಂಟ್ ಬಿಲ್ಲಿಂದೂ ಹೇಳ್ರಿ. ಫರ್ನೇಸಿನ ಫಿಲ್ಟರ್ ಹೆಂಗ ಬದಲಿ ಮಾಡೂದು ತೋರಿಸ್ರಿ" ಎಂದಳು.

ಕಲ್ಮೇಶನಿಗೆ ಎದೆ ಹಗುರಾಯಿತು. ಕೋವಿಯ ಕೆಲಸ, ಏನಾದರೂ ಆದರೆ ಎಂದು ಮುಂದಾಲೋಚನೆ ಮಾಡುತ್ತಿದ್ದಾಳೆ. ಮೊಟ್ಟೆಯ ಕೇಕಿಗೆ ಅಷ್ಟು ರಂಪ ಮಾಡಿದವಳು ಜಿಂಕೆಗೆ ಇಷ್ಟು ಸಮಾಧಾನವಾಗಿದ್ದಾಳೆ. ಹೆಂಗಸರ ಮನಸ್ಸಿನ ಆಳ ಯಾವ ಪುಸ್ತಕದಲ್ಲೂ ಇಲ್ಲ ಎಂದುಕೊಂಡು, ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರನ್ನು ಎರಡು ಸಲ ತೆಗೆದು ಹಾಕಿ ತೋರಿಸಿದ. ಅವಳು ಬರೆದುಕೊಂಡಳು. ಅಕ್ಷರ ಸ್ವಲ್ಪ ಅಂಕುಡೊಂಕಾಗಿತ್ತು.

ಶುಕ್ರವಾರ ಬಂತು. ಶ್ರೀದೇವಿ ರಜೆ ಹಾಕಿ ಗಂಡನ ಚೀಲ ತುಂಬಿಸಿದಳು: ಕಂಬಳಿ, ವಿಭೂತಿ ಗಟ್ಟಿ, ರುದ್ರಾಕ್ಷಿ ಸರ, ಬಿ.ಪಿ. ಗುಳಿಗೆ, ಗುಳಿಗೆಯ ಡಬ್ಬಿಯ ಮೇಲೆ "ರಾತ್ರಿ ಊಟದ ನಂತರ" ಎಂದು ದಪ್ಪಕ್ಷರದ ಚೀಟಿ. ಮಧ್ಯಾಹ್ನಕ್ಕೆ ಅವಳ ಅಣ್ಣ ಗುರುಶಾಂತಪ್ಪ ಬಂದಿಳಿದರು. ಷಾರ್ಲೆಟ್ಟಿನಲ್ಲಿ ಹೃದ್ರೋಗದ ಡಾಕ್ಟರು. ಆರೂವರೆ ಗಂಟೆ ತಾವೇ ಕಾರು ಓಡಿಸಿಕೊಂಡು, ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದರು. ಒಳಗೆ ಕಾಲಿಟ್ಟಾಗ ಕಾವಿ ನಿಲುವಂಗಿ ತೊಟ್ಟು, ಮುಸುಕು ಹಾಕಿ, ಸೋಫಾದ ಮೇಲೆ ಕಾಯುತ್ತ ಕುಳಿತಿದ್ದ ಕಲ್ಮೇಶನನ್ನು ಕಂಡು ಜೋಡಿಸಿದ್ದೆಲ್ಲ ಮರೆತುಹೋಯಿತು.

"ಕಲ್ಮೇಶಪ್ಪಾರ," ಎಂದರು, "ಮಗಳ ಲಗ್ನ ಆಗೂ ಮಟ ಆದರೂ ತಡೀಬಾರದ?"

"ಅಲ್ಲೀಮಟ ಸೀಸನ್ ಇರೂದಿಲ್ರಿ" ಎಂದ ಕಲ್ಮೇಶ.

ಗುರುಶಾಂತಪ್ಪನವರು ತಂಗಿಯ ಮುಖ ನೋಡಿದರು. ಅಷ್ಟರಲ್ಲಿ ಮನೆಯ ಮುಂದೆ ಪಿಕಪ್ ಟ್ರಕ್ ನಿಂತಿತು. ವೇಯ್ನ್ ಇಳಿದ. ಬಿಳಿಗಡ್ಡ ಗಾಳಿಗೆ ಎದೆಯ ಮೇಲೆ ಹರಡಿತ್ತು. ಬೇಟೆಗೆ ಹೋಗುವವರು ಒಬ್ಬರಿಗೊಬ್ಬರು ಕಾಣಲೆಂದು ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಟೊಪ್ಪಿಗೆ ತಲೆಯ ಮೇಲಿತ್ತು. ಗುರುಶಾಂತಪ್ಪನವರಿಗೆ ಇವನಾರೆಂದು ಯಾರೂ ಹೇಳಬೇಕಾಗಲಿಲ್ಲ. ಎದ್ದು ನಿಂತು, ನಡುವೆ ಹೋಗಿ, ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದರು.

"ಇವರನ್ನು ಕಾಡಿಗೆ ಕರೆದುಕೊಂಡು ಹೋಗುವವರು ನೀವೇ ಏನು?"

"ನಾನೇ" ಎಂದ ವೇಯ್ನ್ ಸಂತೋಷದಿಂದ.

"ಹೀಗೆ ಎಷ್ಟು ಜನರನ್ನು ಕರೆದೊಯ್ದಿದ್ದೀರಿ?"

"ಮೂವತ್ತು ವರ್ಷದಲ್ಲಿ ಒಂದು ನಲವತ್ತು ಜನ."

"ಎಲ್ಲರೂ ಹೆಂಡತಿ ಮಕ್ಕಳಿದ್ದವರೇ?"

"ಹೆಚ್ಚಿನವರು ಅದಕ್ಕೇ ಬರುತ್ತಾರೆ" ಎಂದ ವೇಯ್ನ್.

"ಆ ಹೆಂಗಸರು ಏನನ್ನುತ್ತಾರೆ?"

"ಮೊದಲ ಸಲ ಮುಖ ಊದಿಸುತ್ತಾರೆ. ಆಮೇಲೆ ತಾವೇ ಚೀಲ ತುಂಬಿ ಕಳಿಸುತ್ತಾರೆ."

ಶ್ರೀದೇವಿಯ ಕೈಯಲ್ಲಿದ್ದ ಚೀಲ ಕೆಳಗಿಳಿಯಿತು. ಗುರುಶಾಂತಪ್ಪನವರು ಕೈಮುಗಿದರು. "ಇವಳು ನನ್ನ ಒಬ್ಬಳೇ ತಂಗಿ. ಇವಳು ಗಂಡನನ್ನು ನೋಡಬೇಕೆಂದರೆ ನಿಮ್ಮಲ್ಲಿ ಅವಕಾಶ ಉಂಟೇ?"

ವೇಯ್ನ್ ಗಡ್ಡ ಕೆರೆದುಕೊಂಡ. "ಭಾನುವಾರ ಸಂಜೆ ಮನೆಗೇ ತಂದು ಬಿಡುತ್ತೇನಲ್ಲ. ಸೋಮವಾರ ಎಂಟಕ್ಕೆ ಅವನ ಶಿಫ್ಟ್ ಇದೆ."

ಶ್ರೀದೇವಿ ಅಣ್ಣನ ಕಡೆ ತಿರುಗಿದಳು.

"ಸನ್ಯಾಸಿಗಳಿಗೆ ಶಿಫ್ಟೇ?" ಎಂದರು ಗುರುಶಾಂತಪ್ಪ.

"ಯಾವ ಸನ್ಯಾಸಿ?" ಎಂದ ಕಲ್ಮೇಶ.

"ಯಾವ ಸನ್ಯಾಸಿ ಅಂದ್ರ?" ಎಂದಳು ಶ್ರೀದೇವಿ. "ಈ ಕಾವಿ ಯಾಕ ಹಾಕ್ಕೊಂಡೀರಿ ಮತ್ತ?"

"ಕಾವಿ ಅಲ್ಲ ಇದು. ಅರಿಶಿಣಕ್ಕ ಸೋಡಾ ಬಿತ್ತು."

"ಉಳ್ಳಾಗಡ್ಡಿ?"

"ವಾಸನಿ ಬರ್ತೈತಿ ಅಂತ ಬಿಟ್ಟೆ. ಜಿಂಕಿಗೆ."

"ಯಾವ ಜಿಂಕಿಗೆ?"

ಆ ಪ್ರಶ್ನೆಗೆ ಉತ್ತರವಾಗಿ ವೇಯ್ನ್, ತನ್ನ ಶಿಷ್ಯನಿಗಾಗಿ ತಂದದ್ದನ್ನು ತೋರಿಸಲು ಇದೇ ಹೊತ್ತೆಂದು ತಿಳಿದು, ಉದ್ದನೆಯ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಒಳಗೆ ಎಣ್ಣೆ ಹಚ್ಚಿ ಒರೆಸಿದ ರೈಫಲ್ ಮಲಗಿತ್ತು.

ಗುರುಶಾಂತಪ್ಪ ಕೋವಿಯನ್ನು ನೋಡಿದರು, ಅಂಗಿಯನ್ನು ನೋಡಿದರು, ಮತ್ತೆ ಕೋವಿಯನ್ನು ನೋಡಿ ಸೋಫಾದ ಮೇಲೆ ಕುಸಿದರು. "ಲಿಂಗ ಕಟ್ಟಿದ ಮನಿತನದಾಗ ಬೇಟಿ," ಎಂದರು. "ಇದರಕಿಂತ ಸನ್ಯಾಸನ ಚಲೋ ಇತ್ತಲ್ಲೋ ಮಾರಾಯಾ."

ಶ್ರೀದೇವಿ ಕಲ್ಮೇಶನನ್ನೇ ನೋಡುತ್ತಿದ್ದಳು. ತಿಂಗಳಿಂದ ಬಿಟ್ಟುಕೊಡಲು ಮನಸ್ಸನ್ನು ಗಟ್ಟಿ ಮಾಡಿಕೊಂಡವಳಿಗೆ ಇದನ್ನು ನಂಬಬೇಕೋ ಬೇಡವೋ ತಿಳಿಯಲಿಲ್ಲ. ಜೇಡವನ್ನು ಲೋಟದಲ್ಲಿ ಹಿಡಿದು ಹೊರಗೆ ಬಿಡುವವನು ಬೇಟೆಗೆ ಹೋಗುವನೇ? ತಾನು ಅಳಬಾರದೆಂದು ಕೊನೆಯ ಗಳಿಗೆಯಲ್ಲಿ ಕಟ್ಟಿದ ನೆವ ಇದಾಗಿದ್ದರೆ?

"ಖರೇ ಹೇಳ್ರಿ" ಎಂದಳು. "ಹೋದಾಂವ ಬರ್ತೀನಿ ಅಂತ ಹೇಳಿ ನನಗ ಸಮಾಧಾನ ಮಾಡಾಕತ್ತೀರೇನು?"

ಕಲ್ಮೇಶ ಬಾಯಿ ತೆರೆದ. ಇಂಥ ಹೊತ್ತಿನಲ್ಲಿ ಅವನ ಬಾಯಿಂದ ಏನು ಹೊರಡುತ್ತದೆಂದು ಹೇಳಲಾಗದು. ಅಷ್ಟರಲ್ಲಿ, ಈ ಮನೆಯವರಿಗೆ ತಮ್ಮವನ ಯೋಗ್ಯತೆಯ ಬಗ್ಗೆ ಏನೋ ಅನುಮಾನವಿದೆ ಎಂದು ಗ್ರಹಿಸಿದ ವೇಯ್ನ್ ಅವನ ಪರವಾಗಿ ನಿಂತ.

"ಅಮ್ಮಾ, ನೀವು ಹೆದರಬೇಡಿ" ಎಂದ. "ಈತನಿಗೆ ಇದು ರಕ್ತದಲ್ಲೇ ಇದೆ. ಅಜ್ಜ ರಾಜರ ಜೊತೆ ಹೋಗಿ ಏಳು ಹುಲಿ ಹೊಡೆದವರಲ್ಲವೇ?"

ಶ್ರೀದೇವಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಕಲ್ಮೇಶ ಚಾವಣಿಯಲ್ಲಿದ್ದ ಹೊಗೆ ಪತ್ತೆ ಮಾಡುವ ಯಂತ್ರದ ಕೆಂಪು ದೀಪವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಯಾವ ಅಜ್ಜಾರು?" ಎಂದಳು ಕನ್ನಡದಲ್ಲಿ. "ಗಿರಣಿ ಅಜ್ಜಾರೇನು?"

"ಹೂಂ" ಎಂದ ಕಲ್ಮೇಶ ದೀಪಕ್ಕೆ.

"ಇಲಿ ಬಿದ್ರ ಪಂಜರ ಹಿಡಕೊಂಡು ಊರ ಹೊರಗ ಹೋಗಿ, ಎರಡು ಕಾಳು ಜ್ವಾಳ ಹಾಕಿ ಬಿಟ್ಟು ಬರ್ತಿದ್ರಲ್ಲ, ಅವರ?"

"ಅವರ."

ಶ್ರೀದೇವಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮೊದಲು ಭುಜ ಅಲುಗಿದವು, ಆಮೇಲೆ ಸೆರಗು ಬಾಯಿಗೆ ಹೋಯಿತು, ಆಮೇಲೆ ಯಾವುದೂ ತಡೆಯಲಿಲ್ಲ. ನಕ್ಕು ನಕ್ಕು ಕಣ್ಣೀರು ಬಂತು. ಆ ಕಣ್ಣೀರಿನಲ್ಲಿ ತಿಂಗಳಿಂದ ಹಿಡಿದಿಟ್ಟದ್ದೂ ಸೇರಿತ್ತು.

"ಅಣ್ಣಾ, ನೀ ಷಾರ್ಲೆಟ್ಟಿಂದ ಸುಮ್ಮನ ಬಂದಿ" ಎಂದಳು ಉಸಿರು ಸಿಕ್ಕಾಗ. "ಇವರು ಎಲ್ಲೂ ಹೋಗೂದಿಲ್ಲ. ಊಟದ ಟೇಬಲಿಗೆ ಕುಂತು ಇಷ್ಟು ದೊಡ್ಡ ಸುಳ್ಳು ಹೇಳೂ ಮನಶ್ಯಾಗ ಸಂಸಾರದ ಆಸೆ ಇನ್ನೂ ಭಾಳ ಐತಿ."

ವೇಯ್ನ್‌ಗೆ ಏನೂ ತಿಳಿಯಲಿಲ್ಲ. "ಏನು, ಏಳು ಅಲ್ಲವೇ?" ಎಂದ.

ಕಲ್ಮೇಶ ಕಣ್ಣು ಮುಚ್ಚಿದ. ಆರು ವರ್ಷ ಕಾದು ಸಿಕ್ಕ ಕುರ್ಚಿ ಈಗ ಹೆಂಡತಿಯ ನಾಲಿಗೆಯ ತುದಿಯಲ್ಲಿತ್ತು. ಅವಳಿಗೆ ಕೋಪವಿರಲು ಎಲ್ಲ ಕಾರಣವೂ ಇತ್ತು. ಒಂದು ತಿಂಗಳ ನಿದ್ದೆಯ ಬಾಕಿ ಇತ್ತು.

"ಏಳಲ್ಲ" ಎಂದಳು ಶ್ರೀದೇವಿ ಇಂಗ್ಲಿಷಿನಲ್ಲಿ, ಕಣ್ಣೊರೆಸಿಕೊಂಡು. "ಒಂಬತ್ತು. ಇವರು ಯಾವಾಗಲೂ ಕಡಿಮೆ ಮಾಡಿ ಹೇಳುತ್ತಾರೆ."

ವೇಯ್ನ್ ಟೊಪ್ಪಿಗೆ ತೆಗೆದ.

ಆಮೇಲೆ ಅವಳು ಚೀಲವನ್ನು ಬಿಚ್ಚಿ, ರುದ್ರಾಕ್ಷಿ ಸರವನ್ನು ದೇವರ ಕೋಣೆಗೆ ವಾಪಸ್ಸು ಇಟ್ಟು, ಆ ಜಾಗದಲ್ಲಿ ತನ್ನ ಸ್ವೆಟರ್ ತುರುಕಿದಳು. "ನಾನೂ ಬರ್ತೀನಿ" ಎಂದಳು. "ಒಂಬತ್ತು ಹುಲಿ ವಂಶದವರನ್ನ ಒಬ್ಬರನ್ನ ಕಳಿಸಾಕ ಧೈರ್ಯ ಆಗವಲ್ದು. ನೀವು ಕೋವಿ ಹಿಡ್ಯೂದು ನಾ ನೋಡಬೇಕು."

ಕಾಡಿನಲ್ಲಿ ಹೆಂಡತಿ ಸದ್ದಿಲ್ಲದೆ ಕುಳಿತುಕೊಳ್ಳಬಲ್ಲಳೇ ಎಂದು ವೇಯ್ನ್ ಕಲ್ಮೇಶನನ್ನು ಪಕ್ಕಕ್ಕೆ ಕರೆದು ಕೇಳಿದ. "ಒಳ್ಳೆಯ ಅಭ್ಯಾಸವಿದೆ" ಎಂದ ಕಲ್ಮೇಶ. ಶ್ರೀದೇವಿ ಐದು ನಿಮಿಷಕ್ಕಿಂತ ಹೆಚ್ಚು ಮಾತಿಲ್ಲದೆ ಕುಳಿತದ್ದನ್ನು ಅವನು ಇಪ್ಪತ್ತೆರಡು ವರ್ಷಗಳಲ್ಲಿ ಈ ಒಂದು ತಿಂಗಳು ಬಿಟ್ಟರೆ ಕಂಡಿರಲಿಲ್ಲ. ಬೆಟ್ಟದ ಆ ಮಗ್ಗುಲಿನ ಎಲ್ಲ ಜಿಂಕೆಗಳೂ ಸೋಮವಾರದವರೆಗೆ ಕ್ಷೇಮವಾಗಿರುತ್ತವೆಂಬುದು ಖಚಿತವಾಗಿ, ಅವನ ಎದೆಯ ಮೇಲಿಂದ ಯಾರಿಗೂ ಹೇಳದೆ ಹೊತ್ತಿದ್ದ ಇನ್ನೊಂದು ಕಲ್ಲು ಇಳಿಯಿತು.

ಗುರುಶಾಂತಪ್ಪನವರು ಮನೆಯ ಬೀಗದ ಕೈ ಹಿಡಿದು, ಆರೂವರೆ ಗಂಟೆಯ ಪ್ರಯಾಣದ ಅರ್ಥವೇನೆಂದು ಯೋಚಿಸುತ್ತ ಒಳಗೇ ಉಳಿದರು. ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಗಂಡಹೆಂಡತಿ ಕುಳಿತರು, ಕಲ್ಮೇಶ ಕಾವಿಯ ಅಂಗಿಯಲ್ಲಿ, ಶ್ರೀದೇವಿ ಸೀರೆಯ ಮೇಲೆ ಜಾಕೆಟ್ಟಿನಲ್ಲಿ.

ಬೀಳ್ಕೊಡಲೆಂದು ಹಣ್ಣಿನ ತಟ್ಟೆ, ಹೂವಿನ ಹಾರ ಹಿಡಿದು ವರಲಕ್ಷ್ಮಿ, ತ್ಯಾಗರಾಜರು ತಮ್ಮ ಮನೆಯ ಮೆಟ್ಟಿಲಿಳಿಯುವಷ್ಟರಲ್ಲಿ ಟ್ರಕ್ ಹೊರಳಿ ರಸ್ತೆಗೆ ಬಂದಿತ್ತು. ಬಿಳಿಗಡ್ಡದವರು ಮುಂದೆ, ಹಿಂದಿನ ಕಿಟಕಿಯಲ್ಲಿ ಕಲ್ಮೇಶ, ಪಕ್ಕದಲ್ಲಿ ನಗುನಗುತ್ತ ಕೈಬೀಸುತ್ತಿರುವ ಶ್ರೀದೇವಿ.

"ಇದೇನ್ರೀ, ಇವಳೂ ಹೊರಟಳು" ಎಂದರು ವರಲಕ್ಷ್ಮಿ.

ತ್ಯಾಗರಾಜರು ಹಾರ ಹಿಡಿದು ಸ್ವಲ್ಪ ಹೊತ್ತು ಶಾಸ್ತ್ರ ಯೋಚಿಸಿ ಹೆಂಡತಿಗೆ ಏನೋ ಹೇಳಿದರು. ವರಲಕ್ಷ್ಮಿ ತಟ್ಟೆಯನ್ನು ಅವರ ಕೈಗೆ ಕೊಟ್ಟು ಫೋನು ತೆಗೆದರು. ಟ್ರಕ್ ತಿರುವು ದಾಟುವ ಮೊದಲೇ ನಾನೂರ ಹನ್ನೆರಡು ಜನರಿಗೂ ಸಂದೇಶ ಮುಟ್ಟಿತು: "ತಿದ್ದುಪಡಿ. ದಂಪತಿಗಳು ಇಬ್ಬರೂ ಕೂಡಿ ಕಾಡಿಗೆ ಹೊರಟಿದ್ದಾರೆ. ಆದ್ದರಿಂದ ಇದು ಸನ್ಯಾಸವಲ್ಲ, ವಾನಪ್ರಸ್ಥ. ಹಿಂದಿನ ಮೆಸೇಜ್ ದಯವಿಟ್ಟು ಡಿಲೀಟ್ ಮಾಡಿ."